ನೊಣ ಹಿಡಿಯುವ ಗಿಡ ಮನೆಯ ಮಾಳಿಗೆಗೆ ಬಂದ ಬಗೆ

ಇತ್ತೀಚೆಗೆ ನಮ್ಮ ಕಡೆಯ ಪಟ್ಟಣಗಳಲ್ಲಿಯೂ ಒಂದು ಹೊಸ ಹವ್ಯಾಸ ಕಾಲಿಟ್ಟಿದೆ. ಅಂಗೈಯಗಲದ ಪ್ಲಾಸ್ಟಿಕ್ ಕುಂಡದಲ್ಲಿ ಬೆರಳುದ್ದದ ಒಂದು ಗಿಡ. ಅದರ ಎಲೆ ತೆರೆದಿಟ್ಟ ಪುಸ್ತಕದಂತೆ ಎರಡು ಮಡಿಕೆ. ಅಂಚಿಗೆ ಹಲ್ಲಿನ ಸಾಲಿನಂಥ ಮುಳ್ಳು. ನೊಣ ಬಂದು ಕೂತಿತೋ, ಪುಸ್ತಕ ಪಕ್ಕನೆ ಮುಚ್ಚಿಕೊಳ್ಳುವದು. ಮಕ್ಕಳು ಹಟ ಹಿಡಿಯುತ್ತಾರೆ, ತಂದೆ-ತಾಯಿ ಪಾರ್ಸಲಿನಲ್ಲಿ ತರಿಸಿಕೊಡುತ್ತಾರೆ. ಬಂದ ಮೊದಲ ವಾರ ಓಣಿಯವರೆಲ್ಲ ನೋಡಿ ಮೂಗಿನ ಮೇಲೆ ಬೆರಳಿಟ್ಟು ಹೋಗುವರು. ಎರಡನೆಯ ತಿಂಗಳು ತುಂಬುವದರೊಳಗೆ ಎಲೆಗಳು ಕರ್ರಗಾಗಿ ಬುಡ ಕೊಳೆತು ಗಿಡದ ಕಥೆ ಮುಗಿದಿರುವದು. "ಪಾಪ, ಅದಕ್ಕೆ ನೊಣ ಸಾಲಲಿಲ್ಲ" ಎಂದು ಮನೆಯವರು ಮರುಗುವರು.

ವಾಚಕರೇ, ಬೀಳಗಿಯಂಥ ಊರಲ್ಲಿ ನೊಣಕ್ಕೆ ಬರಗಾಲ ಬಿದ್ದಿತೆಂದರೆ ನಂಬುವವರುಂಟೆ? ಆ ಗಿಡವನ್ನು ಕೊಂದದ್ದು ದಿನವೂ ಪ್ರೀತಿಯಿಂದ ಹೊಯ್ದ ಬಾವಿಯ ನೀರು. ನನ್ನ ವರ್ಗದ ಹುಡುಗರಲ್ಲಿ ಮೂವರ ಮನೆಯಲ್ಲಿ ಒಂದೇ ವರ್ಷ ಹೀಗಾಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ಗಾದೆ. ಈ ಗಿಡಕ್ಕಾದರೋ ಉಪ್ಪು ಬೆರೆತ ನೀರೇ ಮೃತ್ಯು. ಇಷ್ಟೊಂದು ಚಿಕ್ಕ ಮಾತನ್ನು ಕಲಿಯಲು ಮನುಷ್ಯರಿಗೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಕಲಿಕೆಯ ಇತಿಹಾಸವನ್ನು ತಿಳಿದವನ ಕೈಯಲ್ಲಿ ಗಿಡ ಬದುಕುವ ಸಂಭವ ಹೆಚ್ಚು. ಆದ್ದರಿಂದ ಮೊದಲು ಇತಿಹಾಸ, ಆ ಮೇಲೆ ಕುಂಡ.

ಭಾಷೆಯ ಅಧ್ಯಾಪಕನಾದ ನಾನು ಹೆಸರಿನ ವಿಚಾರವನ್ನು ಬಿಟ್ಟು ಮುಂದೆ ಹೋಗಲಾರೆ, ಕ್ಷಮೆಯಿರಲಿ. ಶಾಲೆಯ ಪುಸ್ತಕಗಳಲ್ಲಿ ಇವನ್ನು ಕೀಟಾಹಾರಿ ಸಸ್ಯಗಳೆಂದು ಕರೆದಿರುವರು. ಡಾರ್ವಿನ್ ಪಂಡಿತನೂ 1875ರಲ್ಲಿ ಬರೆದ ತನ್ನ ಗ್ರಂಥಕ್ಕೆ ಅದೇ ಅರ್ಥದ ಹೆಸರಿಟ್ಟನು. ಆದರೆ ಇವುಗಳಲ್ಲಿ ನೀರಿನೊಳಗಿನ ಕೆಲವು ಜಾತಿಗಳು ನೀರುಚಿಗಟಗಳನ್ನೂ, ಕಣ್ಣಿಗೆ ಕಾಣದ ಇತರ ಜೀವಿಗಳನ್ನೂ ನುಂಗುತ್ತವೆ. ಅವು ಶಾಸ್ತ್ರರೀತ್ಯಾ ಕೀಟಗಳಲ್ಲ. ಆದುದರಿಂದ ಈಗ ಮಾಂಸಾಹಾರಿ ಸಸ್ಯಗಳೆನ್ನುವ ರೂಢಿ ಬಂದಿದೆ. ಒಂದೊಂದು ಕುಲದ ಹೆಸರೂ ಸ್ವಾರಸ್ಯವುಳ್ಳದ್ದು. ಎಲೆಯ ರೋಮಗಳ ತುದಿಗೆ ಅಂಟಿನ ಹನಿ ಹೊತ್ತ ಗಿಡಕ್ಕೆ ಡ್ರಾಸೆರಾ ಎಂದು ಹೆಸರು. ಗ್ರೀಕಿನಲ್ಲಿ ಡ್ರೋಸೋಸ್ ಎಂದರೆ ಇಬ್ಬನಿ. ನೀರಿನಲ್ಲಿ ಸಣ್ಣ ಸಣ್ಣ ಚೀಲಗಳನ್ನು ಹೊತ್ತಿರುವದು ಯುಟ್ರಿಕ್ಯುಲೇರಿಯಾ. ಲ್ಯಾಟಿನ್ನಿನಲ್ಲಿ ಅದಕ್ಕೆ ಪುಟ್ಟ ತೊಗಲಚೀಲವೆಂದರ್ಥ. ಹೂಜಿಯಾಕಾರದ ಎಲೆಯ ಗಿಡಕ್ಕೆ ಲಿನೇಯಸ್ ನೆಪೆಂಥಿಸ್ ಎಂದು ಹೆಸರಿಟ್ಟನು. ಹೋಮರನ ಕಾವ್ಯದಲ್ಲಿ ಹೆಲೆನ್ ರಾಣಿ ಅತಿಥಿಗಳ ದುಃಖ ಮರೆಸಲು ಮದ್ಯದಲ್ಲಿ ಬೆರೆಸಿದ ಔಷಧದ ಹೆಸರದು. ಪೆಂಥೋಸ್ ಎಂದರೆ ಶೋಕ, ಮುಂದಿನ ನೆಕಾರ ನಿಷೇಧಾರ್ಥಕ. ನಮ್ಮ ಸಂಸ್ಕೃತದ ನಕಾರಕ್ಕೆ ಅದು ದಾಯಾದಿ. ಇಂಥ ಸಸ್ಯವನ್ನು ದೀರ್ಘಪ್ರಯಾಣದ ಕೊನೆಗೆ ಕಂಡ ಸಸ್ಯಶಾಸ್ತ್ರಜ್ಞನು ಪಟ್ಟ ಕಷ್ಟವನ್ನೆಲ್ಲ ಮರೆಯಲಾರನೇ ಎಂಬದು ಲಿನೇಯಸನ ಭಾವ. ಶಾಸ್ತ್ರಜ್ಞನಾದರೇನು, ಅವನಲ್ಲಿಯೂ ಕವಿಯೊಬ್ಬನಿದ್ದನು!

ಇನ್ನು ಇತಿಹಾಸಕ್ಕೆ ಬರೋಣ. ಮೊದಲು ಹೇಳಿದ ಪುಸ್ತಕದಂಥ ಎಲೆಯ ಗಿಡ ಅಮೇರಿಕೆಯ ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾಗಳ ಕರಾವಳಿಯ ಜೌಗಿನದು. ವಿಲ್ಮಿಂಗ್ಟನ್ ಪಟ್ಟಣದ ಸುತ್ತ ಸುಮಾರು 100 ಮೈಲಿನೊಳಗಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ತಾನಾಗಿ ಹುಟ್ಟಿದ್ದಲ್ಲ. ಅಲ್ಲಿಯ ಗವರ್ನರ ಆರ್ಥರ್ ಡಾಬ್ಸ್ ಎಂಬವನು 1759ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್‌ಸನ್ನನಿಗೆ ಬರೆದ ಪತ್ರದಲ್ಲಿ ಇದರ ಮೊದಲ ಸುಳಿವಿದೆ; ಮರುವರ್ಷ ಜನವರಿಯ ಪತ್ರದಲ್ಲಿ ಸವಿಸ್ತರ ವರ್ಣನೆ. ಕಾಲಿನ್‌ಸನ್ನನ ತೋಟದ ಹುಚ್ಚು ಪ್ರಸಿದ್ಧವಾದುದು. ಜೀವಂತ ಗಿಡ ಬೇಕೆಂದು ಅವನು ಎಷ್ಟು ಹಾತೊರೆದರೂ ಅಟ್ಲಾಂಟಿಕ್ ಸಮುದ್ರದ ಉಪ್ಪುಗಾಳಿಯಲ್ಲಿ ವಾರಗಟ್ಟಲೆ ಬಂದು ಬದುಕುವದು ಸಾಮಾನ್ಯ ಮಾತಾಗಿರಲಿಲ್ಲ. ಕೊನೆಗೆ 1768ರಲ್ಲಿ ವಿಲಿಯಂ ಯಂಗ್ ಎಂಬವನು ಜೀವಂತ ಗಿಡಗಳನ್ನು ಲಂಡನ್ನಿಗೆ ಮುಟ್ಟಿಸಿದನು. ಕಾಲಿನ್‌ಸನ್ ಅದೇ ವರ್ಷ ತೀರಿಕೊಂಡನು.

ಯಂಗನ ಗಿಡಗಳನ್ನು ನೋಡಿ ಅದಕ್ಕೆ ಡಯೋನಿಯಾ ಎಂಬ ಶಾಸ್ತ್ರನಾಮವನ್ನಿತ್ತವನು ಜಾನ್ ಎಲಿಸ್. ಇವನೂ ವ್ಯಾಪಾರಿಯೇ ಎಂಬದು ಗಮನಾರ್ಹ. ಎಲೆ ಹುಳವನ್ನು ಹಿಡಿದು ಆಹಾರ ಮಾಡಿಕೊಳ್ಳುವದೆಂದು ಇವನು ಲಿನೇಯಸನಿಗೆ ಬರೆದನು. ಮಹಾಪಂಡಿತನು ಗಿಡವನ್ನು ಹಾಡಿ ಹೊಗಳಿದನೇ ಹೊರತು ಆಹಾರದ ಮಾತನ್ನು ಒಪ್ಪಲಿಲ್ಲ. ಮುಟ್ಟಿದರೆ ಮುನಿಯ ಎಲೆಯಂತೆ ಇದೂ ಸ್ಪರ್ಶಕ್ಕೆ ಮುದುಡುವದು, ಅಷ್ಟೇ ಎಂದನು. ಮೃಗ ಸಸ್ಯವನ್ನು ತಿನ್ನಬೇಕು, ಸಸ್ಯ ಮೃಗವನ್ನು ತಿನ್ನಲಾಗದು ಎಂಬ ಎಣಿಕೆ ಅಷ್ಟು ಗಟ್ಟಿಯಾಗಿದ್ದಿತು. ಎಲಿಸನ ಆ ಪತ್ರ ಅಚ್ಚಾದದ್ದು 1770ರ ಒಂದು ಪುಸ್ತಕದಲ್ಲಿ. ಆ ಪುಸ್ತಕದ ಮುಖ್ಯ ವಿಷಯ ಯಾವದು ಗೊತ್ತೆ? ಹಿಂದುಸ್ತಾನದಂಥ ದೂರದೇಶಗಳಿಂದ ಬೀಜ-ಗಿಡಗಳನ್ನು ಸಾಯದಂತೆ ಹಡಗಿನಲ್ಲಿ ತರುವದು ಹೇಗೆ ಎಂಬದು! ವಿಜ್ಞಾನವೂ ಸಾಗಾಣಿಕೆಯ ವಿದ್ಯೆಯೂ ಒಂದೇ ರಟ್ಟಿನೊಳಗೆ ಕುಳಿತಿದ್ದವು.

ಮುಂದಿನ ಮಾತು ನನಗೆ ಬಹಳ ಹಿಡಿಸಿದ್ದು. ಪಂಡಿತರು ಹೌದು-ಅಲ್ಲ ಎಂದು ವಾದಿಸುತ್ತಿರುವಾಗ ತೋಟಗಾರರು ಸುಮ್ಮನೆ ಪ್ರಯೋಗ ಮಾಡಿ ನೋಡಿದರು. ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಸಸಿಮಡಿಯಿಟ್ಟಿದ್ದ ನೈಟ್ ಎಂಬವನು ಹಸಿ ಮಾಂಸದ ಎಳೆಗಳನ್ನು ಡಯೋನಿಯಾದ ಎಲೆಯ ಮೇಲಿಟ್ಟನು; ಆ ಗಿಡ ಉಳಿದವಕ್ಕಿಂತ ಸೊಂಪಾಗಿ ಬೆಳೆಯಿತು. 1818ರ ಹೊತ್ತಿಗೆ ಈ ಸುದ್ದಿ ಕೀಟಶಾಸ್ತ್ರದ ಪುಸ್ತಕದಲ್ಲಿ ಅಚ್ಚಾಗಿದ್ದಿತು. ಅರ್ಧ ಶತಮಾನದ ಮೇಲೆ, 1868ರಲ್ಲಿ, ಅಮೇರಿಕೆಯ ಕ್ಯಾನ್ಬಿ ಎಂಬವನು ಮಾಂಸದೊಡನೆ ಚೀಜನ್ನೂ ಉಣಿಸಿ ಪರೀಕ್ಷಿಸಿದನು. ಮಾಂಸ ಪಚನವಾಯಿತು, ಚೀಜು ಇಟ್ಟ ಎಲೆಗಳು ಕರ್ರಗಾಗಿ ಸತ್ತವು. ನಿಮ್ಮ ಮನೆಯ ಮಕ್ಕಳು ಕುತೂಹಲದಿಂದ ಗಿಡಕ್ಕೆ ಪೇಢೆ, ಚುರಮುರಿ, ರೊಟ್ಟಿಯ ಚೂರು ತಿನಿಸಲು ಹೋದಾಗ ಈ ಕ್ಯಾನ್ಬಿಯ ಕಥೆಯನ್ನು ಅವರಿಗೆ ಹೇಳಿರಿ.

ಡಾರ್ವಿನ್ ಈ ವಿಷಯಕ್ಕೆ ಕೈಹಾಕಿದ್ದು 1860ರ ಬೇಸಿಗೆಯಲ್ಲಿ, ಸಸೆಕ್ಸ್ ಪ್ರಾಂತದ ಹಾರ್ಟ್‌ಫೀಲ್ಡ್ ಎಂಬ ಹಳ್ಳಿಯ ಬಳಿ ವಿಶ್ರಾಂತಿಗೆಂದು ಹೋದಾಗ. ಅಲ್ಲಿಯ ಜೌಗಿನಲ್ಲಿ ಡ್ರಾಸೆರಾದ ಎಲೆಗಳಿಗೆ ಎಷ್ಟೊಂದು ಹುಳಗಳು ಅಂಟಿಕೊಂಡಿವೆಯೆಂದು ಬೆರಗಾಗಿ ಕೆಲವನ್ನು ಮನೆಗೆ ತಂದನು. ಜೀವಜಾತಿಗಳ ಉಗಮದ ಮಹಾಗ್ರಂಥ ಪ್ರಕಟವಾಗಿ ವರ್ಷವೂ ತುಂಬಿರಲಿಲ್ಲ. ಜಗತ್ತೆಲ್ಲ ಅದರ ಗದ್ದಲದಲ್ಲಿದ್ದಿತು. ಗ್ರಂಥಕರ್ತನಾದರೋ ತಟ್ಟೆಗಳಲ್ಲಿ ಪಾಚಿ ಹರವಿ ಗಿಡಗಳಿಗೆ ಮಾಂಸ, ಮೊಟ್ಟೆಯ ಬಿಳಿ, ಗಾಜಿನ ಚೂರು, ತಲೆಗೂದಲು ಒಂದೊಂದಾಗಿ ಇಟ್ಟು ನೋಡುತ್ತ ಕುಳಿತಿದ್ದನು. ಒಂದು ಗ್ರೇನ್ ತೂಕದ ಎಪ್ಪತ್ತೆಂಟು ಸಾವಿರದಲ್ಲೊಂದು ಪಾಲಿಗಿಂತ ಹಗುರವಾದ ಕೂದಲ ತುಣುಕು ತಗುಲಿದರೂ ಎಲೆಯ ರೋಮ ಬಾಗುವದನ್ನು ಕಂಡನು. ಜೋರು ಮಳೆಹನಿ ಬಿದ್ದರೆ ಮಾತ್ರ ಬಾಗದು. ಮಳೆಗೆಲ್ಲ ಬಾಗುತ್ತ ಕುಳಿತರೆ ಗಿಡದ ಗತಿಯೇನು!

ಆದರೂ ಒಂದು ಪ್ರಶ್ನೆ ಉಳಿದಿದ್ದಿತು. ಹುಳ ತಿಂದದ್ದರಿಂದ ಗಿಡಕ್ಕೆ ಲಾಭವುಂಟೋ, ಇಲ್ಲವೋ? ಇದನ್ನು ತೀರಿಸಿದವನು ಅವನ ಮಗ ಫ್ರಾನ್ಸಿಸ್. ತಟ್ಟೆಗಳಲ್ಲಿ ಡ್ರಾಸೆರಾ ನೆಟ್ಟು ಪ್ರತಿಯೊಂದನ್ನೂ ನಡುವೆ ಅಡ್ಡಗಟ್ಟಿ, ಒಂದು ಭಾಗಕ್ಕೆ ಹುರಿದ ಮಾಂಸದ ಕಣಗಳನ್ನು ಉಣಿಸಿದನು, ಇನ್ನೊಂದಕ್ಕೆ ಉಪವಾಸ. 1878ರಲ್ಲಿ ಪ್ರಕಟವಾದ ಫಲಿತಾಂಶದಂತೆ ಉಂಡ ಗಿಡಗಳು ಎರಡು ಪಟ್ಟಿಗೂ ಹೆಚ್ಚು ಬೀಜ ಕೊಟ್ಟವು. ಉಪವಾಸವಿದ್ದವೂ ಸತ್ತಿರಲಿಲ್ಲ, ಇದನ್ನು ಮರೆಯಬೇಡಿರಿ. ಬಿಸಿಲು, ಗಾಳಿ, ನೀರುಗಳಿಂದ ಅನ್ನ ಮಾಡಿಕೊಳ್ಳುವ ವಿದ್ಯೆ ಇವಕ್ಕೂ ಉಂಟು. ಹುಳ ಇವಕ್ಕೆ ಬಡ ನೆಲದಲ್ಲಿ ಸಿಕ್ಕದ ಸಾರಜನಕವನ್ನು ಪಡೆಯುವ ಸಾಧನ, ಅಂದರೆ ನಮ್ಮ ಹೊಲಕ್ಕೆ ತಿಪ್ಪೆಯ ಗೊಬ್ಬರವಿದ್ದಂತೆ.

ಈ ಇತಿಹಾಸದಲ್ಲಿ ನನ್ನ ಗೌರವಕ್ಕೆ ಅತಿ ಹೆಚ್ಚಾಗಿ ಪಾತ್ರಳಾದವಳು ಮೇರಿ ಟ್ರೀಟ್ ಎಂಬ ಗೃಹಿಣಿ. ಹುಟ್ಟಿದ್ದು 1830ರಲ್ಲಿ, ನೆಲೆಸಿದ್ದು ಅಮೇರಿಕೆಯ ನ್ಯೂಜೆರ್ಸಿ ಪ್ರಾಂತದ ವೈನ್‌ಲ್ಯಾಂಡ್ ಎಂಬ ಊರಲ್ಲಿ. ಯಾವ ವಿಶ್ವವಿದ್ಯಾಲಯದ ಪೀಠವೂ ಅವಳಿಗಿರಲಿಲ್ಲ. ಗಂಡನಿಂದ ಬೇರೆಯಾದ ಮೇಲೆ ಮಾಸಪತ್ರಿಕೆಗಳಿಗೆ ಪ್ರಕೃತಿಲೇಖನಗಳನ್ನು ಬರೆದು, ಗಿಡ-ಕೀಟಗಳನ್ನು ಸಂಗ್ರಹಿಸಿ ಕೊಟ್ಟು ಸಂಸಾರ ಸಾಗಿಸಿದಳು. ಮನೆಯೇ ಅವಳ ಪ್ರಯೋಗಶಾಲೆ. ಕಿಟಕಿಯ ಬಳಿ ಗಾಜಿನ ಪಾತ್ರೆಗಳಲ್ಲಿ ಯುಟ್ರಿಕ್ಯುಲೇರಿಯಾ, ಕುಂಡಗಳಲ್ಲಿ ಡ್ರಾಸೆರಾ, ಡಯೋನಿಯಾ. ಡಯೋನಿಯಾ ಎಷ್ಟು ಬಲವಾಗಿ ಹಿಡಿಯುವದೆಂದು ತಿಳಿಯಲು ತನ್ನ ಬೆರಳ ತುದಿಯನ್ನೇ ಎಲೆಗೆ ಸೆರೆಗೊಟ್ಟು ಬಹಳ ಹೊತ್ತು ಕುಳಿತು, ನೋವು ತಾಳಲಾರದೆ ಬಿಡಿಸಿಕೊಂಡಳಂತೆ.

ಡಾರ್ವಿನ್ನನಿಗೂ ಅವಳಿಗೂ 1871ರಿಂದ ಪತ್ರವ್ಯವಹಾರ. ಯುಟ್ರಿಕ್ಯುಲೇರಿಯಾದ ಸಾಸಿವೆಕಾಳಿನಷ್ಟು ಚೀಲದೊಳಗೆ ನೀರಿನ ಜೀವಿ ಹೋಗುವದು ಹೇಗೆ ಎಂಬದು ಚರ್ಚೆಯ ವಿಷಯ. ಡಾರ್ವಿನ್ ಸೂಜಿ, ಕೂದಲುಗಳಿಂದ ಚೀಲದ ಬಾಗಿಲನ್ನು ಮುಟ್ಟಿ ಮುಟ್ಟಿ ನೋಡಿ, ಬಾಗಿಲಿಗೆ ಸ್ಪರ್ಶಜ್ಞಾನವಿಲ್ಲ, ಪ್ರಾಣಿಯೇ ತಲೆಯಿಂದ ದಬ್ಬಿಕೊಂಡು ಒಳಗೆ ಹೋಗುವದು ಎಂದು ತೀರ್ಮಾನಿಸಿದನು. ಮೇರಿ ಟ್ರೀಟಳಾದರೋ ಸೂಕ್ಷ್ಮದರ್ಶಕದ ಮುಂದೆ ತಾಸುಗಟ್ಟಲೆ ಕುಳಿತು ಜೀವಂತ ಬೇಟೆಯನ್ನೇ ನೋಡಿದಳು. ಪ್ರಾಣಿ ಬಾಗಿಲ ಬಳಿಗೆ ಬಂದ ಕ್ಷಣದಲ್ಲಿ ಯಾವದೋ ಕಾಣದ ಶಕ್ತಿ ಅದನ್ನು ಒಳಗೆ ಸೆಳೆದುಕೊಳ್ಳುವದು ಅವಳಿಗೆ ಕಂಡಿತು. 1876ರಲ್ಲಿ ಅವಳು ಇದನ್ನು ಪತ್ರಿಕೆಯಲ್ಲಿ ಬರೆದಳು. ಡಾರ್ವಿನ್ ತನ್ನ ಗ್ರಂಥದಲ್ಲಿ ಅವಳ ಹೆಸರನ್ನು ಆದರದಿಂದ ಉಲ್ಲೇಖಿಸಿರುವನು. ಆದರೆ ಈ ಒಂದು ವಿಷಯದಲ್ಲಿ ಸರಿಯಾಗಿ ಕಂಡದ್ದು ವೈನ್‌ಲ್ಯಾಂಡಿನ ಕಿಟಕಿಯೇ.

ಮುಂದೆ ಆ ಕಾಣದ ಶಕ್ತಿ ಯಾವದೆಂಬದನ್ನು ಹುಡುಕಿದವರಲ್ಲಿ ನಮ್ಮ ದಕ್ಷಿಣದವರೊಬ್ಬರು ಇದ್ದಾರೆಂಬದು ಹೆಮ್ಮೆಯ ಮಾತು. ಮದ್ರಾಸಿನ ಸಸ್ಯಶಾಸ್ತ್ರಜ್ಞ ಟಿ. ಏಕಾಂಬರಂ ಅವರು 1916ರಲ್ಲಿಯೇ ಈ ಚೀಲಗಳ ಸಂವೇದನೆಯನ್ನು ಕುರಿತು ಭಾರತದ ಕೃಷಿಪತ್ರಿಕೆಯಲ್ಲಿ ಬರೆದರು. ಫ್ರಾನ್ಸಿಸ್ ಲಾಯ್ಡ್ 1942ರ ತನ್ನ ದೊಡ್ಡ ಗ್ರಂಥದಲ್ಲಿ ಎಲ್ಲರ ಕೆಲಸವನ್ನೂ ಒಟ್ಟುಗೂಡಿಸಿದನು. ಈಗ ತಿಳಿದಿರುವದು ಹೀಗೆ: ಚೀಲವು ತನ್ನೊಳಗಿನ ನೀರನ್ನು ಬಿಡದೆ ಹೊರಗೆ ಹಾಕುತ್ತ ಹೋಗುವದು, ಗೋಡೆಗಳು ಹಸಿದ ಹೊಟ್ಟೆಯಂತೆ ಒಳಕ್ಕೆ ಬಾಗಿ ಕೂಡುವವು. ಬಾಗಿಲ ಬಳಿಯ ರೋಮಕ್ಕೆ ಪ್ರಾಣಿ ತಗುಲಿದೊಡನೆ ಬಾಗಿಲು ತೆರೆದು, ಗೋಡೆಗಳು ಹಿಗ್ಗಿ, ನೀರಿನೊಡನೆ ಪ್ರಾಣಿಯೂ ಒಳಗೆ ನುಗ್ಗುವದು. ಇಷ್ಟಕ್ಕೆಲ್ಲ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತೂ ಹಿಡಿಯದು. ಸಸ್ಯಲೋಕದಲ್ಲಿ ಇದಕ್ಕಿಂತ ಚುರುಕಾದ ಬೇಟೆಗಾರ ಇನ್ನಿಲ್ಲ.

ಹೂಜಿಗಿಡದ ಕಥೆ ಬೇರೆ. ಅದು ಶ್ರೀಮಂತರ ಕಥೆ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವನ್ನು ಮುಚ್ಚಿದ ಸೀಸೆಯಲ್ಲಿಟ್ಟಾಗ ಅದರೊಳಗಿನ ಮಣ್ಣಿನಲ್ಲಿ ತಾನಾಗಿ ಜರಿಗಿಡ ಹುಟ್ಟಿ ಬೆಳೆಯಿತು. ಮುಚ್ಚಿದ ಗಾಜಿನೊಳಗೆ ಗಿಡದ ತೇವ ಅಲ್ಲಿಯೇ ಸುತ್ತಿ ಸುಳಿಯುವದೆಂಬದನ್ನು ಕಂಡುಕೊಂಡು ವಾರ್ಡನು ಗಾಜಿನ ಪೆಟ್ಟಿಗೆ ಮಾಡಿಸಿದನು. ಚೀನದ ಚಹದ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿಯೇ. ಮುಂಜಾನೆ ರೇಡಿಯೋ ಹಚ್ಚಿ ಚಹ ಕುಡಿಯುವ ನಾವೆಲ್ಲ ಆ ವೈದ್ಯನ ಋಣದಲ್ಲಿದ್ದೇವೆ. ಈ ಪೆಟ್ಟಿಗೆಗಳು ಬಂದ ಮೇಲೆ ಚೆಲ್ಸಿಯದ ವೀಚ್ ಮನೆತನದ ಸಸಿಮಡಿಯವರು ಬೋರ್ನಿಯೊ ಮೊದಲಾದ ದ್ವೀಪಗಳಿಗೆ ಸಂಗ್ರಾಹಕರನ್ನು ಕಳಿಸಿ ಹೂಜಿಗಿಡಗಳನ್ನು ತರಿಸಿ ಮಾರಿದರು. ಅಲ್ಲಿ ಒಂದು ದೊಡ್ಡ ತಪ್ಪು ನಡೆಯಿತು. ಉಷ್ಣದೇಶದ ಗಿಡವೆಂದ ಮೇಲೆ ಸದಾ ಬೆಚ್ಚಗಿರಬೇಕೆಂದು ಎಣಿಸಿ ಹಗಲಿರುಳು ಬೆಂಕಿ ಕಾಯಿಸಿದ ಗಾಜಿನ ಮನೆಯಲ್ಲಿಟ್ಟರು. ಕಿನಬಾಲು ಪರ್ವತದ ರಾಜಹೂಜಿಗಿಡಕ್ಕೆ ಹುಕರ್ 1859ರಲ್ಲಿ ಹೆಸರಿಟ್ಟಿದ್ದನು. ಅದರ ಹೂಜಿಯಲ್ಲಿ ಇಲಿಯೊಂದು ಮುಳುಗಿ ಸತ್ತದ್ದನ್ನು ಕಂಡವರೂ ಉಂಟು. ಅಂಥದು ಈ ಗಾಜಿನಮನೆಗಳಲ್ಲಿ ಬಾಳಲಿಲ್ಲ. ಬೆಟ್ಟದ ತಂಪು ರಾತ್ರಿಗೆ ಒಗ್ಗಿದ ಗಿಡ ಅದು. ಗಿಡ ಯಾವ ದೇಶದ್ದು ಎಂದು ಕೇಳಿದರೆ ಸಾಲದು, ಯಾವ ಎತ್ತರದ್ದು, ಅಲ್ಲಿಯ ರಾತ್ರಿ ಹೇಗಿರುವದು ಎಂದೂ ಕೇಳಬೇಕು.

ಇಷ್ಟೆಲ್ಲ ಪರದೇಶದ ಮಾತಾಯಿತು. ನಮ್ಮ ನಾಡಿನಲ್ಲಿ ಇವೇನೂ ಇಲ್ಲವೆ? ಧಾರಾಳವಾಗಿವೆ. ಜಗತ್ತಿನಲ್ಲಿ ಇಂಥ ಸಸ್ಯಜಾತಿಗಳು ಏಳುನೂರಕ್ಕೂ ಮಿಕ್ಕಿ ಇವೆ. ಭಾರತದಲ್ಲಿ ನಲವತ್ತರ ಆಸುಪಾಸು. ಕೊಚ್ಚಿಯ ಡಚ್ ಗವರ್ನರ ವಾನ್ ರೀಡ್ 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಮಲಬಾರದ ಸಸ್ಯಗ್ರಂಥದಲ್ಲಿಯೇ ಅರಕ-ಪೂಡ ಎಂಬ ಹೆಸರಿನಿಂದ ಒಂದು ಡ್ರಾಸೆರಾದ ಚಿತ್ರವಿದೆ. ಡಾಬ್ಸ್ ಗವರ್ನರನ ಪತ್ರಕ್ಕಿಂತ ಅದು ಅರ್ಧ ಶತಮಾನಕ್ಕೂ ಹಿಂದಿನದು. ಆ ಮಹಾಗ್ರಂಥಕ್ಕೆ ನೆರವಾದವರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ಪಂಡಿತರೂ, ಇಟ್ಟಿ ಅಚ್ಯುತನ್ ಎಂಬ ಮಲಯಾಳ ವೈದ್ಯನೂ ಇದ್ದರು. ಲಿನೇಯಸ್ ತನ್ನ ಡ್ರಾಸೆರಾ ಇಂಡಿಕಾ ಎಂಬ ಹೆಸರಿಗೆ ಆ ಚಿತ್ರವನ್ನೂ ಆಧಾರವಾಗಿ ಹೇಳಿದನು. ಧಾರವಾಡ-ಬೆಳಗಾವಿಗಳು ಮುಂಬಯಿ ಇಲಾಖೆಯಲ್ಲಿದ್ದಾಗ ಅರಣ್ಯಾಧಿಕಾರಿಯಾಗಿದ್ದ ಡಾಲ್ಜೆಲ್ ಎಂಬವನು ಸಹ್ಯಾದ್ರಿಯ ಯುಟ್ರಿಕ್ಯುಲೇರಿಯಾಗಳಲ್ಲಿ ಹೊಸ ಜಾತಿಗಳನ್ನು ಹೆಸರಿಸಿದನು. ನೀಲಿ-ಬಿಳಿ ಹೂವಿನ ಒಂದಕ್ಕೆ 1851ರಲ್ಲಿ ಅವನಿಟ್ಟ ಹೆಸರು ಈಗಲೂ ನಡೆಯುತ್ತಿದೆ. 1992ರಲ್ಲಿ ಜನಾರ್ದನಂ ಮತ್ತು ಹೆನ್ರಿ ಎಂಬ ವಿದ್ವಾಂಸರು ಭಾರತದ ಈ ಚೀಲಗಿಡಗಳ ಮೇಲೆಯೇ ಒಂದು ಪ್ರತ್ಯೇಕ ಗ್ರಂಥ ಹೊರತಂದರು.

ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ಕಡೆಗೆ ಶ್ರಾವಣ-ಭಾದ್ರಪದಗಳಲ್ಲಿ ಹೋದವರು ಜಂಬಿಟ್ಟಿಗೆ ಕಲ್ಲಿನ ಬಯಲಿನ ಮೇಲೆ ಗೇಣಿಗಿಂತಲೂ ಗಿಡ್ಡನ್ನ ನೀಲಿ ಹೂಗಳ ಹಾಸನ್ನು ನೋಡಿರಬಹುದು. ಅವು ಯುಟ್ರಿಕ್ಯುಲೇರಿಯಾದ ಹೂಗಳೇ. ಸಾತಾರೆಯ ಹತ್ತಿರದ ಕಾಸ ಪ್ರಸ್ಥಭೂಮಿಯಲ್ಲಿ ಅಂಥ ಒಂದು ಹೂವಿಗೆ ಮರಾಠಿಗರು ಸೀತೆಯ ಕಣ್ಣೀರೆಂಬ ಅರ್ಥದ ಹೆಸರಿಟ್ಟಿರುವರು. ಎಂಥ ಹೆಸರು ನೋಡಿರಿ! ಭತ್ತದ ಗದ್ದೆಯ ಇನ್ನೊಂದು ನೀಲಿ ಹೂವನ್ನು ಕೇರಳದವರು ಓಣಂ ಹಬ್ಬದ ರಂಗವಲ್ಲಿಗೆ ಆಯುವರು. ಬಲ್ಲವರು ಕನ್ನಡದಲ್ಲಿಯೂ ಇವಕ್ಕೊಂದು ಅಚ್ಚ ಹೆಸರನ್ನು ರೂಢಿಗೆ ತಂದರೆ ಒಳಿತು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ಕನ್ನಡದಲ್ಲಿ ವಿಜ್ಞಾನದ ಮಾಸಪತ್ರಿಕೆ ನಡೆಸಿದ ನಾಡು ಇದು; ಬಿ. ಜಿ. ಎಲ್. ಸ್ವಾಮಿಯವರ ಹಸುರು ಹೊನ್ನು 1976ರಲ್ಲಿ ಬಂದ ಮೇಲಂತೂ ಸಸ್ಯಶಾಸ್ತ್ರ ಕನ್ನಡಕ್ಕೆ ಕಠಿಣವೆಂಬ ನೆವ ನಡೆಯದು.

ಈಗ ಒಂದು ವಿಷಯವನ್ನು ಗಮನಿಸಿರಿ. ಜಂಬಿಟ್ಟಿಗೆಯ ಬಯಲು, ಕ್ಯಾರೊಲೈನಾದ ಜೌಗು, ಸಸೆಕ್ಸಿನ ಪಾಚಿನೆಲ, ಈ ಮೂರಕ್ಕೂ ಸಮಾನವಾದುದೇನು? ಮಳೆ ಹೊಯ್ದು ಹೊಯ್ದು ಸತ್ವವೆಲ್ಲ ತೊಳೆದುಹೋದ ಹುಳಿನೆಲ ಮತ್ತು ಮೃದುವಾದ ನೀರು. ಗೊಬ್ಬರವಿಲ್ಲದಲ್ಲಿ ಬದುಕಲು ಕಲಿತ ಬೇರುಗಳಿಗೆ ಉಪ್ಪು-ಸುಣ್ಣ ತಾಳಿಕೊಳ್ಳುವ ಶಕ್ತಿಯಿಲ್ಲ. ಕಾಸದ ನೆತ್ತಿಯ ಮೇಲೆ ಬಿದ್ದ ಮಳೆಯ ಒಂದಂಶ ಕೃಷ್ಣೆಯನ್ನು ಕೂಡಿ ನಮ್ಮ ತಾಲೂಕಿನ ಆಲಮಟ್ಟಿ ಹಿನ್ನೀರಿಗೂ ಬರುವದು. ಆದರೆ ಬರುವಷ್ಟರಲ್ಲಿ ದಾರಿಯ ಕಲ್ಲು-ಮಣ್ಣುಗಳ ಸಾರವನ್ನೆಲ್ಲ ಕರಗಿಸಿಕೊಂಡಿರುವದು. ಇನ್ನು ನೆಲದೊಳಗಿನ ನೀರು ಹೇಳಲೇ ಬೇಡಿರಿ. ನಮ್ಮದು ಎರೆಭೂಮಿ, ಸುತ್ತಲೂ ಕ‌ಲಾದಗಿ-ಲೋಕಾಪುರ-ಬಾಗಲಕೋಟೆಗಳ ಸುಣ್ಣಗಲ್ಲು. ಕಾಸಿದ ಪಾತ್ರೆಗೆ ಬಿಳಿ ಹಕ್ಕಳೆ ಕಟ್ಟುವ, ಬೇಳೆ ಬೇಯದ, ಸಾಬೂನು ನೊರೆ ಬಾರದ ನೀರು. ಅರೆತ್ತಿನ ಬಾವಿಯಿಂದ ಹೆಸರಾದ ಊರಿನವನಾಗಿ ಬಾವಿಯನ್ನು ಜರೆಯುವ ಮನಸ್ಸಿಲ್ಲ. ಆದರೂ ಕುಂಡದಲ್ಲಿ ಈ ನೀರು ಆರಿದಷ್ಟೂ ಸುಣ್ಣ ಹಿಂದೆ ಉಳಿದು, ಮಣ್ಣಿನ ಹುಳಿ ಸತ್ತು, ಬೇರು ಸುಟ್ಟಂತಾಗುವದು ಸತ್ಯ.

ಉಪಾಯವೇನು? ಮಳೆಯ ನೀರು. ಲೆಕ್ಕ ಹಾಕಿ ನೋಡೋಣ. ನಾಲ್ಕು ಸಣ್ಣ ಕುಂಡಗಳಿಟ್ಟ ಒಂದು ಪರಾತಕ್ಕೆ ಸರಾಸರಿ ದಿನಕ್ಕೆ ಅರ್ಧ ಲೀಟರ್ ಹಿಡಿದರೆ ಮಳೆಯಿಲ್ಲದ ಎಂಟು ತಿಂಗಳಿಗೆ 120 ಲೀಟರ್ ಬೇಕು. ಎರಡು ಚದರ ಮೀಟರಿನ ಪ್ಲಾಸ್ಟಿಕ್ ಹಾಳೆಯ ಮೇಲೆ 60 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ನೀರು ಸಿಕ್ಕಿತು. ನಮ್ಮಂಥ ಒಣಭಾಗದಲ್ಲಿಯೂ ವರ್ಷದ ಮಳೆ ಅದರ ಎಷ್ಟೋ ಪಟ್ಟು. ಮಾಳಿಗೆಯ ಗಚ್ಚಿನ ಮೇಲಿಂದ ಹರಿದ ನೀರನ್ನು ಮಾತ್ರ ಹಿಡಿಯಬೇಡಿರಿ, ಗಚ್ಚಿನ ಸುಣ್ಣ-ಸಿಮೆಂಟುಗಳ ಅಂಶ ಅದರಲ್ಲಿ ಇಳಿದಿರುವದು. ಮೊದಲಿನ ಒಂದೆರಡು ಮಳೆ ಧೂಳು ತೊಳೆಯಲಿ; ಮೃಗಶಿರ, ಆರಿದ್ರಾ ಮಳೆಗಳಲ್ಲಿ ಹಾಳೆ ಕಟ್ಟಿ ಮುಚ್ಚಳವಿದ್ದ ಪಿಪಾಯಿಗೆ ತುಂಬಿಸಿರಿ. ಮುಚ್ಚಳಕ್ಕೆ ಸಂದು ಬಿಟ್ಟರೆ ಗುಂಗಾಡಿಗಳ ಸಂತಾನ ಬೆಳೆದೀತು. ಮಳೆ ತಪ್ಪಿದ ವರ್ಷ ಶುದ್ಧ ನೀರಿನ ಯಂತ್ರದ ನೀರೂ ನಡೆಯುವದು. ಆದರೆ ಅದರಲ್ಲಿ ಕರಗಿದ ಲವಣ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು. ಅಳೆಯುವ ಕೈಯಂತ್ರ ಕೆಲವೇ ನೂರು ರೂಪಾಯಿಗೆ ಸಿಗುವದು.

ಇನ್ನು ಯಾವ ಗಿಡ? ಡಯೋನಿಯಾ ನಮ್ಮೂರಿಗೆ ಹೇಳಿಸಿದ್ದಲ್ಲವೆಂದು ನನ್ನ ಅಭಿಪ್ರಾಯ. ಅದಕ್ಕೆ ವರ್ಷಕ್ಕೆ ಮೂರು ತಿಂಗಳು ಚಳಿಯ ನಿದ್ದೆ ಬೇಕು, ನಮ್ಮ ಚೈತ್ರ-ವೈಶಾಖಗಳ ಬಿಸಿಲು ಬೇಡ. ಹೂಜಿಗಿಡಕ್ಕೆ ಗಾಳಿಯಲ್ಲಿ ಸದಾ ತೇವವಿರಬೇಕು. ಮೇಘಾಲಯದ ಖಾಸಿ, ಜೈಂತಿಯಾ, ಗಾರೋ ಗುಡ್ಡಗಳ ನೆಪೆಂಥಿಸ್ ಖಾಸಿಯಾನಾ ಭಾರತದ ಏಕಮಾತ್ರ ಹೂಜಿಗಿಡ. ಅಳಿವಿನ ಅಂಚಿಗೆ ಬಂದ ಅದನ್ನು ಕಾಯಿದೆ ಕಾಪಾಡುತ್ತಿದೆ. ಅಂತರರಾಷ್ಟ್ರೀಯ ಒಪ್ಪಂದದಂತೆ ಕಾಡಿನಿಂದ ಕಿತ್ತ ಅದರ ವ್ಯಾಪಾರಕ್ಕೆ ನಿಷೇಧವಿದೆ. ಕೇರಳದ ಪಾಲೋಡಿನ ಸಸ್ಯೋದ್ಯಾನದ ಸಂಶೋಧಕರು 1994ರಲ್ಲಿ ಅದನ್ನು ಗಾಜಿನ ನಳಿಕೆಯಲ್ಲಿ ಅಂಗಾಂಶದಿಂದ ಬೆಳೆಸುವ ಕ್ರಮವನ್ನು ಪ್ರಕಟಿಸಿದರು. ಅಮೇರಿಕೆಯಲ್ಲಿಯಾದರೂ ಡಯೋನಿಯಾವನ್ನು ಜೌಗಿನಿಂದ ಕದಿಯುವವರ ಕಾಟ ಎಷ್ಟು ಹೆಚ್ಚಿತೆಂದರೆ 2014ರ ಡಿಸೆಂಬರಿನಿಂದ ಉತ್ತರ ಕ್ಯಾರೊಲೈನಾ ಅದನ್ನು ಘೋರ ಅಪರಾಧಗಳ ಸಾಲಿಗೆ ಸೇರಿಸಬೇಕಾಯಿತು. ಆದ್ದರಿಂದ ಖಾನಾಪುರಕ್ಕೆ ಹೋದವರು ಡ್ರಾಸೆರಾ ಕಂಡೊಡನೆ ಕಿತ್ತು ಡಬ್ಬಿಗೆ ಹಾಕಬೇಡಿರಿ. ಕಿತ್ತ ಗಿಡ ಬೀಳಗಿಯ ವರೆಗೆ ಬದುಕಿ ಬರುವದೂ ಇಲ್ಲ, ಅಲ್ಲಿ ಅದರ ಬೀಜ ಬೀಳುವದೂ ಇಲ್ಲ. ಕುಂಡದಲ್ಲಿ ಬೆಳೆಸಿದವರಿಂದ ಬೀಜ ತರಿಸಿರಿ.

ಬೀಜದಿಂದ ಬೆಳೆಸಲು ಡ್ರಾಸೆರಾ ಬರ್ಮಾನಿ ಎಂಬ ನಮ್ಮ ದೇಶದ ಜಾತಿಯೇ ಲೇಸು. ರೂಪಾಯಿಯ ನಾಣ್ಯಕ್ಕಿಂತ ಬಹಳ ದೊಡ್ಡದಾಗದ ಗುಂಡು ಗಿಡ, ಸೆಖೆಗೆ ಹೆದರದು. ಅದರ ಅಂಚಿನ ರೋಮಗಳು ಹುಳ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಬಾಗುವದನ್ನು ಬರಿಗಣ್ಣಿನಿಂದ ನೋಡಬಹುದು. ಮಣ್ಣಿನ ಕುಂಡ ಬೇಡ, ಅದರ ಮೈಗೆ ಉಪ್ಪು ಹತ್ತುವದು, ಪ್ಲಾಸ್ಟಿಕ್ಕಿನದೇ ಇರಲಿ. ಹೊಲದ ಮಣ್ಣು, ಗೊಬ್ಬರ ಎರಡೂ ವರ್ಜ್ಯ. ತೆಂಗಿನ ನಾರಿನ ಪುಡಿಯನ್ನು ಮಳೆನೀರಿನಲ್ಲಿ ನಾಲ್ಕಾರು ಸಲ ತೊಳೆದು ಉಪ್ಪು ಕಳೆದು, ಅದಕ್ಕೆ ಸಮವಾಗಿ ತೊಳೆದ ಮರಳನ್ನು ಬೆರೆಸಿರಿ. ಮರಳಿನ ಮೇಲೆ ನಿಂಬೆಹಣ್ಣು ಹಿಂಡಿದಾಗ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವುಂಟು. ಬೇರೆ ಮರಳು ನೋಡಿರಿ. ಕುಂಡವನ್ನು ಬೆರಳ ಒಂದು ಗೆಣ್ಣಿನಷ್ಟು ನೀರಿದ್ದ ಪರಾತದಲ್ಲಿ ನಿಲ್ಲಿಸಿ, ಧೂಳಿನಂಥ ಬೀಜಗಳನ್ನು ಮೇಲೆಯೇ ಉದುರಿಸಬೇಕು. ಬೆಳಕು ಬೇಕಾದುದರಿಂದ ಮಣ್ಣು ಮುಚ್ಚಬಾರದು. ಮೊಳಕೆ ಕಾಣುವ ವರೆಗೆ ಗಾಜಿನ ತುಣುಕೊಂದನ್ನು ಮುಚ್ಚಿಡಿರಿ, ವಾರ್ಡ್ ವೈದ್ಯನ ಪೆಟ್ಟಿಗೆಯ ಬಡ ತಮ್ಮನೆಂದು ತಿಳಿಯಿರಿ. ಮುಂಜಾವಿನ ಬಿಸಿಲು ಪೂರ್ತಿ ಬೀಳಲಿ, ನಡುಹಗಲಿನದಕ್ಕೆ ಬೇಸಿಗೆಯಲ್ಲಿ ತೆಳು ಬಟ್ಟೆಯ ಮರೆಯಿರಲಿ. ಈ ಜಾತಿ ಸಾಮಾನ್ಯವಾಗಿ ಒಂದು ವರ್ಷ ಬಾಳಿ ಹೂಬಿಟ್ಟು ಒಣಗುವದು, ಅದಕ್ಕೆ ಅಳಬೇಕಾಗಿಲ್ಲ. ಹೂವಿನ ಕಡ್ಡಿ ಕಂದುಬಣ್ಣಕ್ಕೆ ತಿರುಗಿದ ಕೂಡಲೆ ಒಂದು ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿರಿ. ಉದುರಿದ ಕರಿ ಬೀಜವನ್ನು ಮಡಿಚಿ, ಮೇಲೆ ತಿಂಗಳು-ವರ್ಷ ಬರೆದು, ಅರ್ಧವನ್ನು ಮುಂದಿನ ಬಿತ್ತಿಗೆ ಇಟ್ಟುಕೊಂಡು ಉಳಿದರ್ಧವನ್ನು ನೆರೆಮನೆಯ ಹುಡುಗನಿಗೆ ಕೊಡಿರಿ, ಜೊತೆಗೆ ಒಂದು ಬಾಟಲಿ ಮಳೆನೀರನ್ನೂ.